ಕ್ಯಾಮೆರಾ ಇಳಿಯದ ಮೆಟ್ಟಿಲು

ಸತ್ಯನಿಗೆ ದಾರಿ ಗೊತ್ತಿತ್ತು. ಆ ಬೆಳಿಗ್ಗೆ ಶೈಲಾಳಿಗೆ ಮೊದಲು ಕಸಿವಿಸಿಯಾದದ್ದು ಅದಕ್ಕೇ.

ಹೋಟೆಲಿನ ಬಾಗಿಲು ದಾಟಿ ಅವಳಿನ್ನೂ ಕೊಡೆ ಬಿಚ್ಚುತ್ತಿದ್ದಳು. ಪೋರ್ಚುಗಲ್ಲಿನ ಪೋರ್ಟೊ ಊರಿನ ಮೇಲೆ ಅಕ್ಟೋಬರಿನ ಮಳೆ ಸಣ್ಣಗೆ ಹಿಡಿದುಕೊಂಡಿತ್ತು. ಕಲ್ಲು ಹಾಸಿದ ಬೀದಿ ಒದ್ದೆಯಾಗಿ ಮಿನುಗುತ್ತಿತ್ತು. ಮೇಲೆಲ್ಲೋ ಕಡಲಹಕ್ಕಿಗಳು ಎಳೆ ಮಗು ಅತ್ತಂತೆ ಕೂಗುತ್ತಿದ್ದವು. ಅವಳು ಫೋನಿನಲ್ಲಿ ಮ್ಯಾಪ್ ತೆರೆದು ಯಾವ ಕಡೆ ತಿರುಗಬೇಕೆಂದು ನೋಡುವಷ್ಟರಲ್ಲಿ ಸತ್ಯ ಜಾಕೆಟ್ಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಎಡಕ್ಕೆ ಹೊರಟೇಬಿಟ್ಟಿದ್ದ.

"ಬನ್ನಿ, ಈ ಕಡೆ. ಸ್ವಲ್ಪ ಇಳಿಜಾರಿದೆ, ನೋಡ್ಕೊಂಡು. ಕೆಳಗೆ ಎಡಗಡೆ ಒಂದು ಔಷಧಿ ಅಂಗಡಿ ಸಿಗತ್ತೆ. ಅದು ದಾಟಿದ್ರೆ ರೈಲ್ವೇ ಸ್ಟೇಷನ್ನು."

ಔಷಧಿ ಅಂಗಡಿ ಎಡಗಡೆಯೇ ಸಿಕ್ಕಿತು. ಅದರ ಹಸಿರು ಪ್ಲಸ್ ಗುರುತು ಮಳೆಯಲ್ಲಿ ಉರಿಯುತ್ತಿತ್ತು.

"ಮೊದಲು ಬಂದಿದ್ರಾ ಇಲ್ಲಿಗೆ?" ಶೈಲಾ ಕೇಳಿದಳು.

"ಇಲ್ವಲ್ಲ. ಯೂರೋಪ್ ಅಂದ್ರೆ ನನಗೆ ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಒಂದೇ. ಬೆಂಗಳೂರಿಗೆ ಹೋಗ್ತಾ ಬರ್ತಾ."

ಅಮೆರಿಕದಲ್ಲಿ ತಮ್ಮ ಪಕ್ಕದ ಓಕ್ ಬ್ರೂಕಿನ ಮಾಲ್‌ಗೆ ಹೋಗಬೇಕಾದರೂ ಜಿಪಿಎಸ್ ಹಾಕಿಕೊಳ್ಳುವ ಮನುಷ್ಯ ಈತ. ಮನೆಯಿಂದ ಅದು ಹತ್ತು ನಿಮಿಷದ ದಾರಿ. ಶೈಲಾ ಫೋನನ್ನು ಚೀಲಕ್ಕೆ ಹಾಕಿ ಸುಮ್ಮನೆ ಹಿಂಬಾಲಿಸಿದಳು.

ಅವರಿಬ್ಬರ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಇಬ್ಬರಿಗೂ ಐವತ್ತು ದಾಟಿದ ಮೇಲೆ ಆದ ಮದುವೆ. ಶೈಲಾ ಮೈಸೂರಿನವಳು, ಡಾಕ್ಟರು. ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಪೆಥಾಲಜಿಸ್ಟಾಗಿ ಕೆಲಸ. ಮಗ ಅನುಜ್ ಎರಡನೇ ಕ್ಲಾಸಿನಲ್ಲಿದ್ದಾಗ ಮೊದಲ ಗಂಡನಿಂದ ಬೇರೆಯಾಗಿ, ಅವನನ್ನು ಒಬ್ಬಳೇ ಬೆಳೆಸಿದ್ದಳು. ಅವನೀಗ ಶಿಕಾಗೋದಲ್ಲಿದ್ದ. ಅವನ ಗೆಳೆಯನ ಮದುವೆಗೆಂದು ಶೈಲಾ ಓಕ್ ಬ್ರೂಕಿಗೆ ಬಂದಾಗ ಊಟದ ಟೇಬಲ್ಲಿನಲ್ಲಿ ಪಕ್ಕಕ್ಕೆ ಕೂತವನು ಸತ್ಯ. ಅಲ್ಲೇ ಹತ್ತಿರದ ಡೌನರ್ಸ್ ಗ್ರೋವ್‌ನವನು, ಎಂಜಿನಿಯರು. ಹೆಂಡತಿ ಸುಚೇತಾ ಕ್ಯಾನ್ಸರಿನಿಂದ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ, ಮಕ್ಕಳಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವುದರಿಂದ ಮಾತು ಶುರುವಾಗಿ, ಈ ವಯಸ್ಸಿನಲ್ಲಿ ಮಾತಿಗೊಬ್ಬರು ಬೇಕು ಎನ್ನುವಲ್ಲಿಗೆ ಮುಟ್ಟಿತ್ತು. ಮದುವೆಯಾದ ಮೇಲೂ ಅವರ ನಡುವೆ 'ನೀವು' ಹೋಗಲಿಲ್ಲ. ಇಬ್ಬರಿಗೂ ಅದು ಹಿತವಾಗಿಯೇ ಇತ್ತು.

ಹಿತವಾಗಿಲ್ಲದ್ದು ಒಂದೇ. ಶೈಲಾ ಮೊದಲ ಸಲ ಡೌನರ್ಸ್ ಗ್ರೋವ್ ಮನೆಗೆ ಕಾಲಿಟ್ಟಾಗ ಗೋಡೆಯ ಮೇಲೆ ಸುಚೇತಾಳ ಒಂದು ಫೋಟೋ ಸಹ ಇರಲಿಲ್ಲ. ಸತ್ಯ ಎಲ್ಲವನ್ನೂ ತೆಗೆದು, ಮೊಳೆಯ ತೂತುಗಳನ್ನು ಮುಚ್ಚಿ ಬಣ್ಣ ಹೊಡೆಸಿದ್ದ. ಹೊಸ ಬಣ್ಣ ಹಳೆಯದಕ್ಕೆ ಕೂಡಿಕೊಂಡಿರಲಿಲ್ಲ. ಹಾಲಿನಲ್ಲಿ ನಾಲ್ಕೈದು ಕಡೆ ಬೆಳ್ಳಗಿನ ಚೌಕಗಳು ಹಾಗೇ ಕಾಣುತ್ತಿದ್ದವು. ಅವನು ಅವಳ ಹೆಸರೆತ್ತುತ್ತಿರಲಿಲ್ಲ, ಶೈಲಾ ಕೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಗೆ ಕೈ ಚಾಚಿದಾಗ, ಅದು ಎಡಗೈಗೆ ಸಿಗುವ ಹಾಗೆ ಇಟ್ಟಿರುವುದನ್ನು ಕಂಡು, ಓಹೋ ಎಡಚಿ ಇರಬೇಕು ಎಂದುಕೊಂಡಿದ್ದಳು. ಸುಚೇತಾಳ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯನ್ನು ಅವಳು ಮಾರಲಿಲ್ಲ. ಕೆಲಸದ ನೆಪವಿತ್ತು, ತಿಂಗಳಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಈ ಪ್ರವಾಸದ ಮಾತು ಬಂದಾಗ ಅವಳು ವಿಯೆನ್ನಾ ಎಂದಿದ್ದಳು. ಯಾವುದಕ್ಕೂ ಹಟ ಮಾಡದ ಸತ್ಯ, "ಪೋರ್ಟೊ ಹೋಗೋಣ," ಎಂದು ಹಟ ಹಿಡಿದಿದ್ದ.

"ಯಾಕೆ ಪೋರ್ಟೊ?"

"ಚೆನ್ನಾಗಿದೆಯಂತೆ," ಎಂದಿದ್ದ.

ರೈಲ್ವೇ ಸ್ಟೇಷನ್ನಿನೊಳಗೆ ಗೋಡೆಯ ತುಂಬ ನೀಲಿ ಹೆಂಚಿನ ಚಿತ್ರಗಳು: ಯುದ್ಧಕ್ಕೆ ಹೊರಟ ರಾಜರು, ಕುದುರೆಗಳು, ದ್ರಾಕ್ಷಿ ಕೊಯ್ಯುವ ಹೆಂಗಸರು. ಅಲ್ಲಿ ಸತ್ಯ ಜಾತ್ರೆಗೆ ಬಂದ ಹುಡುಗನ ಹಾಗೆ ಬಾಯಿ ತೆರೆದುಕೊಂಡು ನಿಂತ. "ಅಬ್ಬಾ, ಒಳಗಡೆ ಹೀಗಿದೆಯಾ!" ಎಂದ. ಹೊರಗೆ ಹೋಗುವ ಬಾಗಿಲು ಯಾವುದೆಂದು ಗೊತ್ತಾಗದೆ ಪ್ಲಾಟ್‌ಫಾರ್ಮಿನ ಕಡೆಗೆ ನಡೆದ. ಶೈಲಾಳೇ ತೋಳು ಹಿಡಿದು ತಿರುಗಿಸಬೇಕಾಯಿತು. ಬೀದಿಗೆ ಬಿದ್ದ ಕೂಡಲೇ ಮತ್ತೆ ಅವನೇ ಮುಂದೆ. ಚರ್ಚಿನ ಗೋಪುರದ ಹತ್ತಿರ ಯಾವ ಓಣಿ ಎಲ್ಲಿ ಕೂಡುತ್ತದೆ, ಯಾವ ಮೂಲೆಯಲ್ಲಿ ಬೆಂಚಿದೆ, ಎಲ್ಲಾ ಗೊತ್ತು. ಬೀದಿಯೆಲ್ಲಾ ಗೊತ್ತಿದ್ದವನಿಗೆ ಒಂದು ಹೊಸ್ತಿಲ ಒಳಗಿನದೂ ಗೊತ್ತಿಲ್ಲ. ಇದೆಂಥ ತಿಳಿವಳಿಕೆ?

ಒಂದು ಮೂರಂತಸ್ತಿನ ಮನೆಯ ಮುಂದೆ ಅವನು ಗಕ್ಕನೆ ನಿಂತ.

"ಹಳದಿ ಹೊಡೆದುಬಿಟ್ಟಿದಾರೆ," ಎಂದ. ಯಾರೋ ಸತ್ತ ಸುದ್ದಿ ಕೇಳಿದವನ ದನಿ.

"ಏನು?"

"ಗುಲಾಬಿ ಬಣ್ಣ ಇತ್ತು ಇದಕ್ಕೆ." ಆಮೇಲೆ ತಲೆಯೆತ್ತಿ ಮೋಡ ನೋಡಿ, ತನ್ನಷ್ಟಕ್ಕೆ ಎಂಬಂತೆ, "ಇಲ್ಲಿ ಯಾವಾಗಲೂ ಬಿಸಿಲಿರ್ತಿತ್ತು," ಎಂದ.

ಶೈಲಾಳ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿದ ಹಾಗಾಯಿತು. ಕಾಲರಿನೊಳಗೆ ಮಳೆನೀರು ಇಳಿದಿರಬೇಕೆಂದು ಕೈಯಿಂದ ಒರೆಸಿಕೊಂಡಳು. ಕತ್ತು ಒಣಗಿಯೇ ಇತ್ತು.

ಅಲ್ಲಿಂದ ಮುಂದಕ್ಕೆ ಬೀದಿ ಕಡಿದಾಗಿತ್ತು. ಸತ್ಯನ ನಡಿಗೆ ಚುರುಕಾಗುತ್ತ ಹೋಯಿತು. ಅವನು ತನ್ನ ಬಲಗಡೆ ಒಬ್ಬರು ಹಿಡಿಯುವಷ್ಟು ಜಾಗ ಬಿಟ್ಟುಕೊಂಡು ನಡೆಯುತ್ತಿರುವುದನ್ನು ಶೈಲಾ ಗಮನಿಸಿದಳು. ಅವಳು ಇದ್ದದ್ದು ಎಡಗಡೆ, ಒಂದು ಹೆಜ್ಜೆ ಹಿಂದೆ. ಮೂಲೆಯೊಂದು ಬಂತು. ಸತ್ಯ ಕೈಯೆತ್ತಿ ತೋರಿಸುತ್ತ, ಮುಖವನ್ನು ಬಲಕ್ಕೆ ತಿರುಗಿಸಿ, ಅವಳು ಎಂದೂ ಕೇಳಿರದ ಹಗುರವಾದ ದನಿಯಲ್ಲಿ, "ನೋಡೇ, ನಿನ್ನ ಬಸ್ ಸ್ಟಾಪು ಇಲ್ಲೇ ಇದೆ ಕಣೇ!" ಎಂದ.

ಬಲಗಡೆ ಯಾರೂ ಇರಲಿಲ್ಲ.

ಶೈಲಾ ನಿಂತುಬಿಟ್ಟಳು. ಸತ್ಯನೂ ನಿಂತ. ಆಡಿದ ಮಾತು ಅವನಿಗೇ ಕೇಳಿಸಿತ್ತು. ಎಷ್ಟೋ ವರ್ಷಗಳಿಂದ ಶೈಲಾಳನ್ನು ಯಾರೂ 'ಕಣೇ' ಎಂದಿರಲಿಲ್ಲ. ಈಗ ಕಿವಿಗೆ ಬಿದ್ದ ಈ 'ಕಣೇ' ತನ್ನದಲ್ಲ ಎನ್ನುವುದು ಅವಳಿಗೆ ತಿಳಿಯಿತು.

ಎದುರಿಗೊಂದು ಕೆಫೆ ಇತ್ತು. ಶೈಲಾ ಒಳಗೆ ಹೋಗಿ ಕೂತಳು. ಅವನೂ ಬಂದು ಕೂತ. ಕಾಫಿ ಬಂತು. ಇಬ್ಬರೂ ಮುಟ್ಟಲಿಲ್ಲ.

"ಸುಚೇತಾ ಅವರ ಜೊತೆ ಬಂದಿದ್ರಿ ಇಲ್ಲಿಗೆ. ನನಗೆ ಯಾಕೆ ಸುಳ್ಳು ಹೇಳಿದ್ರಿ?" ಅವರ ಒಂದೂವರೆ ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು.

"ಬಂದಿಲ್ಲ ಶೈಲಾ. ಆಣೆಗೂ ಬಂದಿಲ್ಲ. ಕಾಯಿಲೆ ಶುರುವಾದ್ಮೇಲೆ ಅವಳು ಇಲಿನಾಯ್ ದಾಟಿಲ್ಲ."

"ಮತ್ತೆ?"

ಸತ್ಯ ಮೇಜಿನ ಮೇಲೆ ಎರಡೂ ಅಂಗೈ ಊರಿಕೊಂಡ. ಆಮೇಲೆ ಹೇಳತೊಡಗಿದ.

"ಎರಡು ವಾರಕ್ಕೊಂದ್ಸಲ ಕೀಮೋ ಇರ್ತಿತ್ತು. ಅರ್ಧ ದಿನ ಕುರ್ಚಿ ಮೇಲೆ. ಕಿಟಕಿ ಆಚೆ ಪಾರ್ಕಿಂಗ್ ಲಾಟು, ಅದರಾಚೆ ಟೋಲ್‌ವೇ. ಅವಳಿಗೆ ನಿದ್ದೆ ಬರ್ತಿರ್ಲಿಲ್ಲ, ಓದೋಕಾಗ್ತಿರ್ಲಿಲ್ಲ. ಒಂದಿನ ಟ್ಯಾಬ್ಲೆಟ್‌ನಲ್ಲಿ ಸ್ಟ್ರೀಟ್ ವ್ಯೂ ತೆಗೆದಳು. ಗೊತ್ತಲ್ಲ, ಕಾರಿನ ಮೇಲೆ ಕ್ಯಾಮೆರಾ ಇಟ್ಕೊಂಡು ಊರೂರಿನ ಬೀದಿ ಫೋಟೋ ತೆಗ್ದಿರ್ತಾರೆ, ನಾವು ಬೆರಳಲ್ಲಿ ಬಾಣದ ಗುರುತು ಒತ್ತಿದ್ರೆ ನಡೀತಾ ಹೋಗ್ಬಹುದು. ಮೊದಲು ಮಲ್ಲೇಶ್ವರಕ್ಕೆ ಹೋದಳು. ಅಪ್ಪನ ಮನೆ ಬೀದಿಗೆ. ಮನೆ ಹೋಗಿ ಅಪಾರ್ಟ್‌ಮೆಂಟ್ ಆಗಿತ್ತು. ಅತ್ತುಬಿಟ್ಟಳು. 'ಗೊತ್ತಿರೋರು ಯಾರೂ ಇಲ್ಲದ ಊರಿಗೆ ಹೋಗೋಣ ರೀ' ಅಂದಳು. ಕಣ್ಣು ಮುಚ್ಚಿ ಬೆರಳಿಟ್ಟಳು. ಸಮುದ್ರಕ್ಕೆ ಬಿತ್ತು. ದಡಕ್ಕೆ ಹತ್ತಿರದ ಊರು ಇದು."

ಮಳೆ ಕೆಫೆಯ ಗಾಜಿನ ಮೇಲೆ ಇಳಿಯುತ್ತಿತ್ತು. ಶೈಲಾ ಅಲುಗಾಡದೆ ಕೇಳುತ್ತಿದ್ದಳು.

"ಇಡೀ ವರ್ಷ ಇಲ್ಲೇ ನಡೆದ್ವಿ. ಆ ಫೋಟೋಗಳಲ್ಲಿ ಯಾವಾಗಲೂ ಮಧ್ಯಾಹ್ನ. ಯಾವಾಗಲೂ ಬಿಸಿಲು. ಅದೇ ಬಸ್ಸು ಅದೇ ಸ್ಟಾಪಲ್ಲಿ. ಒಬ್ಬ ಮುದುಕ ರಸ್ತೆ ದಾಟ್ತಿರ್ತಾನೆ, ಎಷ್ಟು ಸಲ ಹೋದ್ರೂ ದಾಟ್ತಾನೇ ಇರ್ತಾನೆ. 'ಇಲ್ಲಿ ಯಾರಿಗೂ ಏನೂ ಆಗಲ್ಲ ನೋಡಿ' ಅನ್ನೋಳು. ಮೇಲ್ಗಡೆ, ದೊಡ್ಡ ಚರ್ಚ್ ಹಿಂದೆ, ಒಂದು ಓಣಿ ಇದೆ. ಅದರ ಕೊನೇಲಿ ನೀಲಿ ಬಾಗಿಲು. ಬಾಗಿಲಲ್ಲಿ ಒಬ್ಬ ಹೆಂಗಸು ಬಕೆಟ್ ಹಿಡ್ಕೊಂಡು ನಿಂತಿದಾಳೆ. ಅದರಲ್ಲಿ ಎಲ್ಲರ ಮುಖಾನೂ ಮಸುಕು ಮಾಡಿರ್ತಾರೆ, ಅವಳದ್ದೂ. ಸುಚೇತಾ ಅವಳಿಗೆ ನೀಲಾಂಬಿಕಾ ಅಂತ ಹೆಸರಿಟ್ಟಳು. ಅವಳ ಗಂಡ ಹೇಗೆ, ಸೊಸೆ ಹೇಗೆ, ಎಲ್ಲಾ ಕಥೆ ಕಟ್ಟೋಳು. ನೀಲಾಂಬಿಕಾ ಮನೆ ಪಕ್ಕ ಮೆಟ್ಟಿಲು ಕೆಳಗಿಳಿಯತ್ತೆ. ಕಾರು ಮೆಟ್ಟಿಲಿಳಿಯಲ್ವಲ್ಲ. ಬಾಣದ ಗುರುತು ಅಲ್ಲಿಗೆ ನಿಂತುಹೋಗತ್ತೆ."

ಅವನು ಗುಟುಕು ನೀರು ಕುಡಿದ.

"ಕೊನೇ ದಿನಗಳಲ್ಲಿ, ಚಿಕಿತ್ಸೆ ನಿಲ್ಲಿಸಿದ್ಮೇಲೆ, ಹಾಸ್ಪೈಸ್‌ನಲ್ಲಿದ್ದಳು. ಟ್ಯಾಬ್ಲೆಟ್ ನಾನೇ ಹಿಡ್ಕೋಬೇಕಿತ್ತು. ಒಂದು ಸಂಜೆ, 'ಮೆಟ್ಟಿಲ ಹತ್ರ ಕರ್ಕೊಂಡು ಹೋಗಿ' ಅಂದಳು. ಹೋದ್ವಿ. 'ನೀವು ಇಲ್ಲೇ ಇರಿ, ನಾನು ಕೆಳಗೆ ಏನಿದೆ ನೋಡ್ಕೊಂಡು ಬರ್ತೀನಿ' ಅಂದಳು. ಆಮೇಲೆ ಮಾತಾಡಲಿಲ್ಲ. ಎರಡು ದಿನ ಇದ್ದಳು, ಮಾತಾಡಲಿಲ್ಲ." ಸತ್ಯ ತಲೆಯೆತ್ತಿದ. "ನಾನು ಅಲ್ಲೇ ನಿಂತಿದೀನಿ ಶೈಲಾ."

ಶೈಲಾಳ ಕೆಲಸವೂ ಒಂದು ರೀತಿಯಲ್ಲಿ ಅಂಥದೇ. ಗಾಜಿನ ಮೇಲೆ ಬಣ್ಣ ಹಾಕಿ ನಿಲ್ಲಿಸಿದ ಜೀವಕೋಶಗಳನ್ನು ನೋಡುತ್ತ ಮೂವತ್ತು ವರ್ಷ ಕಳೆದವಳು. ಸುಚೇತಾಳಂಥ ಎಷ್ಟೋ ಹೆಂಗಸರ ಒಂದೊಂದು ಚೂರು ಅವಳ ಕಣ್ಣ ಕೆಳಗೆ ಹಾದುಹೋಗಿತ್ತು. ಆ ಹೆಂಗಸರು ಆಮೇಲೆ ಯಾವ ಕುರ್ಚಿಯಲ್ಲಿ ಕೂತರು, ಯಾವ ಊರಲ್ಲಿ ನಡೆದರು ಎಂದು ಅವಳು ಯೋಚಿಸಿರಲಿಲ್ಲ. ಆದರೂ ಈಗ ಅವಳ ಬಾಯಿಂದ ಬಂದದ್ದು ಕನಿಕರದ ಮಾತಲ್ಲ.

"ಸರಿ. ನನ್ನನ್ನ ಯಾಕೆ ಕರ್ಕೊಂಡು ಬಂದ್ರಿ? ಏನೂ ಹೇಳದೆ?"

"ಒಬ್ನೇ ಬಂದ್ರೆ ಇಳಿದುಬಿಡ್ತೀನೇನೋ, ವಾಪಸ್ ಹತ್ತಲ್ವೇನೋ ಅಂತ ಭಯ ಆಯ್ತು."

ಶೈಲಾ ಎದ್ದಳು. ಕೊಡೆಯನ್ನೂ ತೆಗೆದುಕೊಳ್ಳದೆ ಹೊರಗೆ ನಡೆದಳು.

ಎಲ್ಲಿಗೆಂದು ಗೊತ್ತಿರಲಿಲ್ಲ. ಹೋಟೆಲಿಗೆ ಹೋಗಿ, ಟಿಕೆಟ್ ಬದಲಾಯಿಸಿ, ನೇರ ಡೆಟ್ರಾಯಿಟಿಗೆ ಹೊರಟುಬಿಡಬೇಕು. ತನ್ನ ಮನೆ, ತನ್ನ ಹಾಸಿಗೆ, ಯಾರ ಗುರುತೂ ಇಲ್ಲದ ಗೋಡೆಗಳು. ಹಾಗಂದುಕೊಳ್ಳುತ್ತಲೇ ಇಳಿಜಾರಿನಲ್ಲಿ ಬಿರಬಿರನೆ ನಡೆದಳು. ತಾನು ಯಾರು ಇವನಿಗೆ? ಮೆಟ್ಟಿಲ ಮೇಲೆ ಹಿಡಿದುಕೊಳ್ಳಲು ಒಂದು ಕಂಬಿ? ಸಿಟ್ಟಿನ ಅಡಿಯಲ್ಲಿ ಬೇರೊಂದು ಇತ್ತು, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು. ತನ್ನ ಜೊತೆ ಯಾರೂ ಹಾಗೆ ಒಂದು ಊರನ್ನು ನಡೆದಿರಲಿಲ್ಲ. ಅನುಜ್‌ನ ಅಪ್ಪನ ಜೊತೆ ನಯಾಗರಾಕ್ಕೆ ಹೋದಾಗ ಆತ ಕಾರಿನಿಂದ ಇಳಿದೇ ಇರಲಿಲ್ಲ.

ಬೀದಿ ಒಂದು ಚೌಕಕ್ಕೆ ಬಂತು. ಬಸ್ಸೊಂದು ಸ್ಟಾಪಿನಲ್ಲಿ ನಿಂತಿತ್ತು. ಅದರ ಮುಂದೆ ಒಬ್ಬ ಮುದುಕ ಕಪ್ಪು ಕೊಡೆ ಹಿಡಿದು ರಸ್ತೆ ದಾಟುತ್ತಿದ್ದ.

ಶೈಲಾಳ ಕಾಲು ತಾನಾಗಿ ನಿಂತಿತು. ಮುದುಕ ಒಂದು ಹೆಜ್ಜೆ ಇಟ್ಟು ನಿಂತ, ಇನ್ನೊಂದು ಇಟ್ಟು ನಿಂತ. ಬಸ್ಸಿನ ವೈಪರ್ ಅತ್ತಿತ್ತ ಹೊಡೆದುಕೊಳ್ಳುತ್ತಿತ್ತು. ಯಾಕೋ ಅವಳಿಗೆ, ತಾನು ಕಣ್ಣು ತೆಗೆದರೆ ಈತ ಇಲ್ಲೇ ನಡುರಸ್ತೆಯಲ್ಲಿ ನಿಂತುಬಿಡುತ್ತಾನೆ ಎನ್ನಿಸಿತು. ಮಳೆ ಕೂದಲಿನಿಂದ ಕಣ್ಣಿಗಿಳಿದರೂ ರೆಪ್ಪೆ ಬಡಿಯಲಿಲ್ಲ. ಮುದುಕ ಕೊನೆಗೂ ಆಚೆ ಬದಿಯ ಕಲ್ಲು ಹತ್ತಿದ, ಕೊಡೆ ಕೊಡವಿದ, ಒಂದು ಬ್ರೆಡ್ಡಿನ ಅಂಗಡಿಯೊಳಗೆ ಹೋಗಿ ಮರೆಯಾದ. ಬಸ್ಸು ಹೊರಟಿತು.

ಅವಳು ಹಿಂತಿರುಗಿದಳು.

ಸತ್ಯ ಕೂತಲ್ಲೇ ಕೂತಿದ್ದ. ಅವಳು ಎದುರಿಗೆ ಬಂದು ನಿಂತರೂ ಮೊದಲು ನಂಬಲಿಲ್ಲ.

"ನಡೀರಿ," ಎಂದಳು. "ಆ ಬಾಗಿಲು ಎಲ್ಲಿದೆ ತೋರ್ಸಿ."

ಓಣಿ ದೊಡ್ಡ ಚರ್ಚಿನ ಹಿಂದೆಯೇ ಇತ್ತು. ಎರಡೂ ಕಡೆಯ ಮನೆಗಳು ತಲೆಗೆ ತಲೆ ತಾಗಿಸುವಷ್ಟು ಹತ್ತಿರ. ಮಧ್ಯಾಹ್ನದಲ್ಲೂ ಮಬ್ಬುಗತ್ತಲೆ. ಮಳೆ ಇಲ್ಲಿ ಸದ್ದಿಲ್ಲದೆ ಬೀಳುತ್ತಿತ್ತು. ಓಣಿಯ ಕೊನೆಯಲ್ಲಿ ನೀಲಿ ಬಾಗಿಲಿತ್ತು, ಬಣ್ಣ ಸಿಪ್ಪೆಯೆದ್ದು. ಅದರ ಪಕ್ಕದಲ್ಲಿ ಕರಿಗಲ್ಲಿನ ಮೆಟ್ಟಿಲುಗಳು ಕೆಳಗಿಳಿದು, ಸ್ವಲ್ಪ ದೂರದಲ್ಲಿ ಗೋಡೆಯ ಹಿಂದೆ ತಿರುಗಿ ಕಾಣದಾಗಿದ್ದವು.

ಸತ್ಯ ಮೊದಲ ಮೆಟ್ಟಿಲಿಗೆ ಒಂದು ಮಾರು ಹಿಂದೆಯೇ ನಿಂತ. "ಇಲ್ಲೇ," ಎಂದ. ಗೋಡೆಗೊರಗಿ ಹಾಗೇ ಕುಸಿದು ಕೂತ. ಶೈಲಾ ನಾಡಿ ಹಿಡಿದು ನೋಡಿದಳು. ಓಡುತ್ತಿತ್ತು, ಆದರೆ ಕ್ರಮವಾಗಿತ್ತು.

ಆಗ ನೀಲಿ ಬಾಗಿಲು ತೆರೆಯಿತು.

ಎಪ್ಪತ್ತು ದಾಟಿದ ಹೆಂಗಸು. ಕಪ್ಪು ಸ್ವೆಟರು, ಕಾಲಿಗೆ ಮನೆಯ ಚಪ್ಪಲಿ. ಸತ್ಯ ಥಟ್ಟನೆ ಮುಖ ಆಚೆ ತಿರುಗಿಸಿದ; ಆ ಮುಖ ಕಾಣುವುದು ಅವನಿಗೆ ಬೇಕಿರಲಿಲ್ಲ. ಶೈಲಾ ನೋಡಿದಳು. ಅಗಲವಾದ ಮುಖ, ಗಲ್ಲದ ಮೇಲೊಂದು ನರಹುಲಿ, ಸಣ್ಣ ಚುರುಕು ಕಣ್ಣು. ಹೆಂಗಸು ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಶೈಲಾ ಸತ್ಯನನ್ನು ತೋರಿಸಿ, ಎದೆ ಮುಟ್ಟಿ, ಏನಿಲ್ಲ, ಸ್ವಲ್ಪ ಸುಸ್ತು ಎಂದು ಕೈಸನ್ನೆ ಮಾಡಿದಳು. ಹೆಂಗಸು ತಲೆಯಾಡಿಸಿ ಒಳಗೆ ಹೋದಳು.

ಬಂದಾಗ ಕೈಯಲ್ಲಿ ತಟ್ಟೆಯಿತ್ತು. ತಟ್ಟೆಯಲ್ಲಿ ಮೂರು ಗಾಜಿನ ಲೋಟ, ಮೂರರಲ್ಲೂ ನೀರು.

ಒಂದನ್ನು ಸತ್ಯನಿಗೆ ಕೊಟ್ಟಳು, ಒಂದನ್ನು ಶೈಲಾಳಿಗೆ. ಮೂರನೆಯದು ಆ ಹೆಂಗಸಿಗೇ ಇರಬೇಕು ಎಂದುಕೊಂಡಳು ಶೈಲಾ. ಹೆಂಗಸು ಅದನ್ನು ಕೈಯಲ್ಲಿ ಹಿಡಿದು ಅವರಿಬ್ಬರ ಹಿಂದೆ, ಓಣಿಯ ಕಡೆ, ಯಾರಿಗೋ ಕಾದವಳಂತೆ ಒಂದು ಕ್ಷಣ ನೋಡಿದಳು. ಆಮೇಲೆ ಬಗ್ಗಿ ಅದನ್ನು ಮೆಟ್ಟಿಲ ಮೇಲಿನ ಕಲ್ಲಿನಂಚಿಗೆ ಇಟ್ಟು, ಮೆಟ್ಟಿಲಿನತ್ತ ಬೆರಳು ಮಾಡಿ, ಜಾರುತ್ತದೆ ಎಂದು ಪಾದ ಜಾರಿಸಿ ತೋರಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶೈಲಾ ಹಿಂದಿರುಗಿ ನೋಡಿದಳು. ಓಣಿ ಖಾಲಿಯಿತ್ತು.

"ಇಲ್ಲೇ ಕೂತಿರಿ," ಎಂದಳು ಸತ್ಯನಿಗೆ. ಹೇಳಿದ ಮೇಲೆ ಅದು ಸುಚೇತಾ ಕೊನೆಗೆ ಆಡಿದ ಮಾತೇ ಎಂದು ಹೊಳೆಯಿತು. ಲೋಟವನ್ನು ಬರಿದು ಮಾಡಿ ಕೆಳಗಿಟ್ಟು ತಕ್ಷಣ ಸೇರಿಸಿದಳು: "ನಾನು ಕರೀತೀನಿ. ಕರೆದಾಗ ಬರಬೇಕು. ತಿಳೀತಾ?"

ಅವಳು ಇಳಿಯತೊಡಗಿದಳು.

ಕಲ್ಲು ನಿಜಕ್ಕೂ ಜಾರುತ್ತಿತ್ತು. ಗೋಡೆ ಹಿಡಿದು ಒಂದೊಂದೇ ಹೆಜ್ಜೆ. ತಿರುವು ದಾಟಿದ ಮೇಲೆ ಸತ್ಯ ಕಾಣಲಿಲ್ಲ. ಎರಡು ಮನೆಗಳ ನಡುವೆ ಕಟ್ಟಿದ ಹಗ್ಗದಲ್ಲಿ ಯಾರೋ ಮರೆತ ಬಟ್ಟೆಗಳು ನೆಂದು ತೊಟ್ಟಿಕ್ಕುತ್ತಿದ್ದವು. ಒಂದು ಬೆಕ್ಕು ಕಿಟಕಿಯ ಕಟ್ಟೆಯಿಂದ ಅವಳನ್ನು ನೋಡಿತು. ಆಮೇಲೆ ಅವಳ ಬೆನ್ನ ಹಿಂದೆ ನೋಡಿತು.

ಅಷ್ಟರಲ್ಲಿ ಸದ್ದು ಕೇಳಿಸಿತು. ರಬ್ಬರ್ ಚಪ್ಪಲಿ ಹಾಕಿಕೊಂಡು ಒದ್ದೆ ಕಲ್ಲಿನ ಮೇಲೆ ಇಳಿದರೆ ಆಗುವ ಸದ್ದು, ಪಟ್, ಪಟ್, ಪಟ್. ಸತ್ಯ ಬೂಟು ಹಾಕಿಕೊಂಡಿದ್ದ. ಶೈಲಾ ನಿಂತಳು. ಅದೂ ನಿಂತಿತು. ಅವಳು ಇಳಿದಳು. ಅದೂ ಇಳಿಯಿತು, ಅವಸರವಿಲ್ಲದೆ, ಕಾಯಿಲೆಯವರು ಇಳಿಯುವ ಹಾಗೆ, ಪ್ರತಿ ಮೆಟ್ಟಿಲಿಗೂ ಎರಡು ಪಾದ ಊರಿ.

ಅವಳು ತಿರುಗಿ ನೋಡಲಿಲ್ಲ. ನೋಡಬಾರದು ಎನ್ನಿಸಿತು, ಹೆದರಿಕೆಯಿಂದಲ್ಲ, ಮರ್ಯಾದೆಯಿಂದ. ತಲೆಗೂದಲು ಉದುರಿದ ಹೆಂಗಸರು ಆಸ್ಪತ್ರೆಯ ಲಿಫ್ಟಿನಲ್ಲಿ ಪಕ್ಕಕ್ಕೆ ನಿಂತಾಗ ಅವಳು ಹೀಗೇ ಮುಂದೆ ನೋಡುತ್ತಿದ್ದಳು.

ಮೆಟ್ಟಿಲು ಇನ್ನೊಂದು ತಿರುವು ತಿರುಗಿ ಅಗಲವಾದ ಕಲ್ಲಿನ ಜಗಲಿಗೆ ಬಂತು. ಕಬ್ಬಿಣದ ಕಂಬಿ, ಮುರಿದ ನಲ್ಲಿ, ಗೋಡೆಯ ಬಿರುಕಿನಿಂದ ಹುಟ್ಟಿದ ಅಂಜೂರದ ಗಿಡ. ಕಂಬಿಯಾಚೆ ಕೆಳಗೆ ನದಿ. ಮಳೆಯಲ್ಲಿ ಬೂದಿ ಬಣ್ಣದ ನೀರು, ಅದರ ಮೇಲೆ ದೊಡ್ಡ ಕಬ್ಬಿಣದ ಸೇತುವೆ, ದೋಣಿಗಳು, ಎದುರು ದಡದ ಕೆಂಪು ಹೆಂಚುಗಳು. ಜಗಲಿಯಿಂದ ಮೆಟ್ಟಿಲು ಮತ್ತೆ ಮುಂದುವರಿದು ನದಿಯ ಬೀದಿಗೆ ಇಳಿಯುತ್ತಿತ್ತು.

ಹಿಂದಿನ ಸದ್ದು ಅವಳ ಪಕ್ಕಕ್ಕೆ ಬಂದು ನಿಂತಿತು. ಬಲಗಡೆ. ಅವಳು ಕಂಬಿ ಹಿಡಿದುಕೊಂಡಳು.

"ಇಷ್ಟೇ ನೋಡಿ ಸುಚೇತಾ ಅವರೇ," ಎಂದಳು. "ನದಿ ಇದೆ. ಸೇತುವೆ ಇದೆ. ಮಳೆ ಬರ್ತಿದೆ ಇವತ್ತು."

ನಲ್ಲಿಯಿಂದ ಹನಿ ಬೀಳುತ್ತಿತ್ತು.

"ಅವರು ಮೇಲೆ ಕಾಯ್ತಾ ಇದಾರೆ. ನೀವು ಹೇಳಿದ್ರಿ ಅಂತ. ಮೂರು ವರ್ಷದಿಂದ. ಅವರನ್ನ ನಾನು ಕರ್ಕೊಂಡು ಹೋಗ್ತೀನಿ. ನೀವು... ನೀವು ಹೊರಡಿ ಬೇಕಾದ್ರೆ."

ಏನೂ ಆಗಲಿಲ್ಲ. ಆಮೇಲೆ, ಪಟ್, ಪಟ್. ಸದ್ದು ಅವಳನ್ನು ದಾಟಿತು. ಜಗಲಿ ದಾಟಿ ಕೆಳಗಿನ ಮೆಟ್ಟಿಲು ಹಿಡಿಯಿತು. ಒಂದೊಂದಾಗಿ, ಇನ್ನೂ ಕೆಳಗೆ, ನದಿಯ ಬೀದಿಯಲ್ಲಿ ಹೋಗುವ ಜನರ ಸದ್ದಿನಲ್ಲಿ ಕಲೆತುಹೋಗುವ ತನಕ ಶೈಲಾ ಕಂಬಿ ಹಿಡಿದು ನಿಂತಿದ್ದಳು. ಆಮೇಲೆ ಅವಳಿಗೆ ಅಳು ಬಂತು, ತಾನು ಮುಖವನ್ನೇ ನೋಡದ ಒಬ್ಬ ಹೆಂಗಸಿಗಾಗಿ.

"ಸತ್ಯ!" ಎಂದು ಕೂಗಿದಳು. "ಬನ್ನಿ ಕೆಳಗೆ!"

ಬರುವುದಿಲ್ಲವೇನೋ ಎಂದುಕೊಳ್ಳುವಾಗ ಬೂಟಿನ ಸದ್ದಾಯಿತು.

"ಏನಿದೆ ಅಲ್ಲಿ?" ತಿರುವಿನಾಚೆಯಿಂದ ಸತ್ಯನ ದನಿ.

"ನೀವೇ ಬಂದು ನೋಡಿ. ಜಾರತ್ತೆ, ಗೋಡೆ ಹಿಡ್ಕೊಂಡು."

ಅವನು ಬಂದ. ಕಂಬಿಯ ತನಕ ಬಂದು ನದಿ ನೋಡಿದ. ಬಿಸಿಲಿಲ್ಲದ, ಹರಿಯುತ್ತಿರುವ ನದಿ. ಅವನ ಹೆಗಲು ಕುಲುಕತೊಡಗಿತು. ಶೈಲಾ ಪಕ್ಕದಲ್ಲಿ ನಿಂತಿದ್ದಳು. ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಅಳು ತಾನಾಗಿ ತಗ್ಗಿದ ಮೇಲೆ ಇಬ್ಬರೂ ಕೆಳಗಿಳಿದು ನದಿಯ ದಂಡೆಯಲ್ಲಿ ಒಂದು ಹೋಟೆಲಿನವರು ನೆಟ್ಟ ದೊಡ್ಡ ಛತ್ರಿಯ ಕೆಳಗೆ ಕೂತು ಬಿಸಿ ಬಿಸಿ ಆಲೂಗಡ್ಡೆ ಸೂಪು ಕುಡಿದರು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಆಕೆ ಮೂರು ಲೋಟ ಯಾಕೆ ತಂದಳು?" ಸತ್ಯ ಇದ್ದಕ್ಕಿದ್ದಂತೆ ಕೇಳಿದ.

"ನೀವೂ ನೋಡಿದ್ರಾ?"

"ನಾನು ಏಳೋ ಹೊತ್ತಿಗೆ ಮೂರನೇದು ಖಾಲಿಯಾಗಿತ್ತು."

"ಉರುಳಿ ಚೆಲ್ಲಿರಬೇಕು," ಎಂದಳು ಶೈಲಾ.

"ಉರುಳಿರ್ಲಿಲ್ಲ," ಎಂದ ಸತ್ಯ. ಆ ಮಾತು ಅಲ್ಲಿಗೆ ನಿಂತಿತು. ಹೆಜ್ಜೆಯ ಸದ್ದಿನ ಬಗ್ಗೆ ಅವಳು ಅವನಿಗೆ ಹೇಳಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ.

ಊರಿಗೆ ಮರಳಿದ ಮರುದಿನ ಸತ್ಯ ಬೇಸ್‌ಮೆಂಟಿಗೆ ಹೋಗಿ ಟವೆಲ್ಲಿನಲ್ಲಿ ಸುತ್ತಿದ ಒಂದು ಫ್ರೇಮ್ ಹೊತ್ತು ತಂದ. ಕೇಳಲೋ ಬೇಡವೋ ಎಂಬಂತೆ ಹಾಲಿನ ನಡುವೆ ನಿಂತ. ಶೈಲಾ ತಾನೇ ಟವೆಲ್ ಬಿಚ್ಚಿದಳು. ಅಗಲ ಹಣೆ, ಸೊಟ್ಟಗಿನ ಒಂದು ಮುಂದಿನ ಹಲ್ಲು, ಕ್ಯಾಮೆರಾ ಹಿಡಿದವನಿಗೆ ಏನೋ ಬೈಯುತ್ತ ನಕ್ಕ ಹೆಂಗಸು. ಶೈಲಾ ಬಹಳ ಹೊತ್ತು ನೋಡಿದಳು. ಊಟದ ಮೇಜು ಕಾಣುವ ಗೋಡೆಗೆ ಹೊಸ ಮೊಳೆ ಹೊಡೆಸಿದಳು.

ಎಲ್ಲವೂ ಸರಿಹೋಯಿತೆಂದು ಹೇಳುವ ಹಾಗಿರಲಿಲ್ಲ. ಕೆಲವು ಸಂಜೆ ಸತ್ಯ ಮಾತಿನ ನಡುವೆ ಎಲ್ಲಿಗೋ ಹೋಗಿಬಿಡುತ್ತಿದ್ದ. ಶೈಲಾ ಒಬ್ಬಳೇ ಇದ್ದಾಗ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಕಿವಿಗೊಡುತ್ತಿದ್ದಳು. ಏನೂ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದಾಗ ಮನೆ ಯಾಕೋ ತುಸು ದೊಡ್ಡದಾಗಿ ಕಾಣುತ್ತಿತ್ತು.

ನವೆಂಬರಿನಲ್ಲಿ ಅವಳು ಫಾರ್ಮಿಂಗ್ಟನ್ ಹಿಲ್ಸ್‌ಗೆ ಹೊರಟಾಗ ಸತ್ಯ, "ನಾನೂ ಬರ್ಲಾ?" ಎಂದ. ಇದುವರೆಗೆ ಅವನು ಆ ಮನೆಗೆ ಬಂದಿರಲಿಲ್ಲ, ಅವಳೂ ಕರೆದಿರಲಿಲ್ಲ. ಅವಳೇ ಡ್ರೈವ್ ಮಾಡಿದಳು. ಮಿಷಿಗನ್ ಹೊಕ್ಕ ಮೇಲೆ ಸರೋವರದ ಕಡೆಯಿಂದ ಹಿಮ ಬೀಳತೊಡಗಿತು, ಮುಂದಿನ ಟ್ರಕ್ಕಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದಷ್ಟು. ಆ ಬಿಳುಪಿನ ನಡುವೆ ಸತ್ಯ ತಾನಾಗಿ ಬಾಯಿಬಿಟ್ಟ. ಸುಚೇತಾ ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಇಂಥದೇ ಹಿಮದಲ್ಲಿ ಕಾರನ್ನು ಹಳ್ಳಕ್ಕಿಳಿಸಿ, ಸಹಾಯಕ್ಕೆ ಬಂದ ಪೊಲೀಸನಿಗೇ ಬೈದದ್ದು. ಆಮೇಲೆ ತನ್ನ ಜೊತೆ ಎರಡು ದಿನ ಮಾತು ಬಿಟ್ಟದ್ದು. ಅವಳಿಗೆ ಬೇರೆಯವರ ಅಡುಗೆಯಲ್ಲಿ ತಪ್ಪು ಹುಡುಕುವ ಚಟವಿದ್ದದ್ದು.

"ನನ್ನ ಸಾರಿಗೆ ಏನಂತಿದ್ರೋ," ಎಂದಳು ಶೈಲಾ.

"ಹುಳಿ ಜಾಸ್ತಿ ಅಂತಿದ್ದಳು."

"ಜಾಸ್ತಿ ಏನಿಲ್ಲ," ಎಂದಳು ಶೈಲಾ, ನಿಜವಾಗಿಯೂ ಕೋಪ ಬಂದು. ಸತ್ಯ ಅವಳ ಮುಖ ನೋಡಿ ನಕ್ಕ. ಅವಳಿಗೆ ನಗು ಬರಲಿಲ್ಲ. ವೈಪರ್ ಜೋರು ಮಾಡಿ, ಸ್ಟೀರಿಂಗ್ ಬಿಗಿಯಾಗಿ ಹಿಡಿದು, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಆ ಪೊಲೀಸು ಆಮೇಲೆ ಏನು ಮಾಡಿದ?"